ಮಂಗಳವಾರದ ಮಾರ್ಲಿಸ್

ಆಕೆ ಮಾರ್ಲಿಸ್ ಆಗಿರುತ್ತಿದ್ದದ್ದು ಮಂಗಳವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಮಾತ್ರ. ವಾರದ ಉಳಿದ ಹೊತ್ತೆಲ್ಲ ಆಕೆ ಫ್ರಾವ್ ಊಲಿಗ್, ಅಂದರೆ ಶ್ರೀಮತಿ ಊಲಿಗ್. ನೆರೆಮನೆಯವರಿಗೆ, ಡಾಕ್ಟರಿಗೆ, ಅಂಚೆಯವನಿಗೆ, ಮೂಲೆಯ ಔಷಧಿ ಅಂಗಡಿಯವಳಿಗೆ, ಎಲ್ಲರಿಗೂ ಫ್ರಾವ್ ಊಲಿಗ್. ಪೂರ್ವ ಜರ್ಮನಿಯ ಈ ಕೆಮ್ನಿಟ್ಸಿನಲ್ಲಿ ಹೆಸರು ಹಿಡಿದು ಕರೆಯುವುದು, 'ನೀನು' ಅನ್ನುವುದು ಅಷ್ಟು ಸಲೀಸಾಗಿ ಆಗುವ ಕೆಲಸವಲ್ಲ. ಯಾರಾದರೂ ಒಬ್ಬರು ಮೊದಲು ಕೈ ಚಾಚಿ ತಮ್ಮ ಹೆಸರು ಹೇಳಬೇಕು. ಎದುರಿನವರು ಆ ಕೈ ಹಿಡಿದು ತಮ್ಮ ಹೆಸರು ಹೇಳಬೇಕು. ಅಲ್ಲಿಂದ ಮುಂದೆ 'ನೀನು'. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ, ಅದಕ್ಕೇ ಜನ ಕೊಡುವುದಕ್ಕೆ ಹೆದರುತ್ತಾರೆ.

ಹಿಂದೆ ಹೀಗಿರಲಿಲ್ಲವಂತೆ. ಕಾಲ್ಚೀಲದ ಕಾರ್ಖಾನೆಯಲ್ಲಿ ಆಕೆ ಹೆಣಿಗೆ ಯಂತ್ರದ ಮುಂದೆ ನಿಲ್ಲುತ್ತಿದ್ದ ಕಾಲದಲ್ಲಿ ಆ ಸಾಲಿನ ಹೆಂಗಸರೆಲ್ಲ ಒಬ್ಬರಿಗೊಬ್ಬರು 'ನೀನು'. ಗದ್ದಲದ ಮಧ್ಯೆ 'ಮಾರ್ಲಿಸ್, ದಾರ ಕಡಿದಿದೆ ನೋಡೇ' ಅಂತ ಕಿರುಚಿ ಹೇಳಬೇಕಾಗಿತ್ತು. ಬರ್ಲಿನ್ ಗೋಡೆ ಬಿದ್ದ ಮೇಲೆ ಕಾರ್ಖಾನೆ ಮುಚ್ಚಿತು. ಹಾಗೆ ಕಿರುಚುತ್ತಿದ್ದವರು ಒಬ್ಬೊಬ್ಬರಾಗಿ ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ಹೋದರು. ಗಂಡನೂ ಹೋದ, ಬೇರೆ ಹೆಂಗಸಿನ ಜೊತೆ. ಸರ್ಕಾರದವರು ಆಕೆಯನ್ನು ಒಂದಾದ ಮೇಲೊಂದು ತರಬೇತಿಗೆ ಕಳಿಸಿದರು: ಕಂಪ್ಯೂಟರ್, ಹೂವಿನ ಅಲಂಕಾರ, ಕೆಲಸಕ್ಕೆ ಅರ್ಜಿ ಬರೆಯುವುದು ಹೇಗೆ ಅನ್ನುವುದು. ಕೊನೆಗೆ ಯಾವ ತರಬೇತಿಯೂ ಬೇಡದ ಒಂದು ಬೇಕರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಆಕೆಯ ಎದೆಗೆ ಒಂದು ಫಲಕ ಸಿಕ್ಕಿಸಿದರು. ಅದರ ಮೇಲೆ 'ಫ್ರಾವ್ ಊಲಿಗ್' ಅಂತ ಬರೆದಿತ್ತು. ಪಿಂಚಣಿ ಬರುವ ಹೊತ್ತಿಗೆ ಕಾಲಿನ ನರಗಳೆಲ್ಲ ಉಬ್ಬಿದ್ದವು, ಊರಲ್ಲಿ ಆಕೆಯನ್ನು ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ.

ಇಂಗ್ಲಿಷಿಗೆ ಸೇರಿದ್ದು ಆಸೆಯಿಂದೇನೂ ಅಲ್ಲ. ಬೇಕರಿ ಬಿಡುವ ದಿನ ಜೊತೆಯವರು ಸೇರಿ ಒಂದು ಲಕೋಟೆ ಕೊಟ್ಟರು. ಒಳಗೆ ನಗರದ ವಯಸ್ಕರ ಶಾಲೆಯ ಉಡುಗೊರೆ ಚೀಟಿ, ಯಾವುದಾದರೂ ಒಂದು ತರಗತಿಗೆ. ಯೋಗ ಭರ್ತಿಯಾಗಿತ್ತು, ಜಲವರ್ಣವೂ ಭರ್ತಿಯಾಗಿತ್ತು. ಉಳಿದದ್ದು ಇಂಗ್ಲಿಷ್.

ಅಲ್ಲಿ ಕಲಿಸುವವಳು ನಾನು. ಜ್ಯೋತ್ಸ್ನಾ ಕಾಮತ್ ಅಂತ ನನ್ನ ಹೆಸರು. ಮೊದಲ ದಿನ ಎಲ್ಲರೂ ಅದನ್ನು ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡರು, ಕೊನೆಗೆ 'ಜೋ' ಅಂತ ಇತ್ಯರ್ಥವಾಯಿತು. ನನ್ನ ತರಗತಿಯ ಕಟ್ಟಳೆ ಒಂದೇ: ಬಾಗಿಲು ಮುಚ್ಚಿದ ಮೇಲೆ ಇಂಗ್ಲಿಷ್ ಮಾತ್ರ, ಎಲ್ಲರಿಗೂ ಹೆಸರು ಮಾತ್ರ. ಇಂಗ್ಲಿಷಿನಲ್ಲಿ 'ನೀನು', 'ನೀವು' ಎರಡಕ್ಕೂ ಒಂದೇ ಮಾತು. ಇಲ್ಲಿ ಬರೆಯುವಾಗ ನಾನು ಎರಡರಲ್ಲಿ ಒಂದನ್ನು ಆರಿಸಲೇಬೇಕು, 'ನೀನು' ಅಂತಲೇ ಬರೆಯುತ್ತೇನೆ. ಅವರ ಕಿವಿಗೆ ಅದು ಹಾಗೆಯೇ ಕೇಳಿಸುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಅದು ಮಧ್ಯಮ ಹಂತದ ವ್ಯಾಕರಣದ ತರಗತಿ. ಆರಂಭದ ಹಂತ ದಾಟಿದವರು ಒಂದು ವರ್ಷ ಅದರಲ್ಲಿದ್ದು ಮೇಲಕ್ಕೆ ಹೋಗಬೇಕು ಅನ್ನುವುದು ಲೆಕ್ಕ. ನನ್ನ ಮಂದಿ ಹೋಗುವುದಿಲ್ಲ. ಹತ್ತು ವರ್ಷಕ್ಕೂ ಮೇಲಾಯಿತು, ಅದೇ ಎಂಟು ಪಿಂಚಣಿದಾರರು, ಅದೇ ಪುಸ್ತಕ, ಅದೇ ಕುರ್ಚಿಗಳು. ಪ್ರತಿ ಸೆಪ್ಟೆಂಬರಿನಲ್ಲಿ 'ಮೇಲಿನ ತರಗತಿಗೆ ಹೋಗಿ, ನಿಮಗೆ ಇದೆಲ್ಲ ಬರುತ್ತೆ' ಅನ್ನುತ್ತೇನೆ. 'ಇನ್ನೂ ಗಟ್ಟಿಯಾಗಿಲ್ಲ' ಅಂತ ಮತ್ತೆ ಇದಕ್ಕೇ ಹೆಸರು ಬರೆಸುತ್ತಾರೆ. ಯಾವ ಅಧ್ಯಾಯದಲ್ಲಿ ಯಾರ ಬಾಯಿಂದ ಯಾವ ತಪ್ಪು ಬರುತ್ತದೆ ಅಂತ ನಾನು ನಿದ್ದೆಯಲ್ಲೂ ಹೇಳಬಲ್ಲೆ. ಬೆಳಿಗ್ಗೆ ಇಲ್ಲಿ ಮುಗಿಸಿ ಮಧ್ಯಾಹ್ನ ಇನ್ನೊಂದು ಊರಿಗೆ ರೈಲು ಹಿಡಿದು ಅಲ್ಲಿಯೂ ಅದನ್ನೇ ಹೇಳಬೇಕು. ಸಾಕಾಗಿ ಹೋಗಿದೆ ಅಂತ ಹೇಳಿಕೊಳ್ಳುವುದೂ ಈಗ ಸಾಕಾಗಿ ಹೋಗಿದೆ.

ಮಾರ್ಲಿಸ್ ಮಾತ್ರ ನನಗಿಂತಲೂ ದಣಿದಂತೆ ಕಾಣುತ್ತಿದ್ದರು. ಬಂದು ಕೋಟು ಕಳಚಿ, ಮೇಜಿನ ಕೆಳಗೆ ಚೀಲವನ್ನಿಟ್ಟು ಅದರ ಮೇಲೆ ಕಾಲೆತ್ತಿ ಇಟ್ಟುಕೊಂಡು ಒಂದು ನಿಟ್ಟುಸಿರು ಬಿಡುತ್ತಿದ್ದರು.

"ಶಾಲೇಲಿ ರಷ್ಯನ್ ಕಲಿತೆ, ರಷ್ಯನ್ನರು ಹೊರಟುಹೋದ್ರು," ಅಂತ ಒಮ್ಮೆ ಪಾಠದ ಮಧ್ಯೆ ಅಂದಿದ್ದರು. "ಈಗ ಇಂಗ್ಲಿಷ್ ಕಲೀತಿದೀನಿ, ಇಂಗ್ಲೆಂಡಿನೋರು ಯುರೋಪಿನ ಒಕ್ಕೂಟ ಬಿಟ್ಟು ಹೋದ್ರು. ನಾನು ಯಾರ ಭಾಷೆ ಕಲಿತರೂ ಅವರು ಗಂಟುಮೂಟೆ ಕಟ್ತಾರೆ."

"ಹಾಗಾದ್ರೆ ಸದ್ಯ ಜರ್ಮನ್ ಸರಿಯಾಗಿ ಕಲೀಬೇಡ," ಅಂದರು ಪಕ್ಕದ ಕುರ್ಚಿಯ ಲೋಥಾರ್.

ಈ ಲೋಥಾರ್ ಓಮೆ ಟ್ರಾಮ್ ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಎತ್ತರದ ಆಳು, ಸೊಂಟ ಹಿಡಿದುಕೊಂಡು ಕೋಲೂರಿ ಬರುತ್ತಿದ್ದರು. ಮೊದಲ ದಿನ ಇಬ್ಬರೂ ಕೋಣೆ ಹುಡುಕುತ್ತ ಅಲೆದು ತಡವಾಗಿ ಬಂದು, ಖಾಲಿ ಇದ್ದ ಎರಡು ಕುರ್ಚಿಗಳಲ್ಲಿ ಅಕ್ಕಪಕ್ಕ ಕೂತರು. ಇಲ್ಲಿ ಒಮ್ಮೆ ಕೂತ ಜಾಗ ಕೂತವರದ್ದೇ. ಅಭ್ಯಾಸವನ್ನು ಜೋಡಿಯಾಗಿ ಮಾಡಬೇಕು, ಹಾಗಾಗಿ ಅವರಿಬ್ಬರೂ ಜೋಡಿಯಾದರು.

ಜೋಡಿ ಅಭ್ಯಾಸ ಅಂದರೆ ಒಬ್ಬರು ಕೇಳಬೇಕು, ಇನ್ನೊಬ್ಬರು ಹೇಳಬೇಕು. ನಿನ್ನೆ ಏನು ಮಾಡಿದೆ? ಚಿಕ್ಕವಳಿದ್ದಾಗ ಏನು ಮಾಡುತ್ತಿದ್ದೆ? ಲಾಟರಿ ಹೊಡೆದರೆ ಏನು ಮಾಡುತ್ತೀಯ? ನಾನು ಮೇಜಿನಿಂದ ಮೇಜಿಗೆ ತಿರುಗುತ್ತ ಕಿವಿಗೊಡುತ್ತೇನೆ. ಹೀಗೆ ವರ್ಷಗಟ್ಟಲೆ ಒಂದೊಂದು ಅಧ್ಯಾಯದ ನೆಪದಲ್ಲಿ ಆ ಇಬ್ಬರು ತಮ್ಮ ಇಡೀ ಬದುಕನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಭೂತಕಾಲದಲ್ಲಿ ಗಂಡ ಹೋದದ್ದು, ಹೆಂಡತಿ ಸತ್ತದ್ದು. ರೂಢಿಗಳ ಪಾಠದಲ್ಲಿ ಕಾರ್ಖಾನೆ, ಟ್ರಾಮಿನ ಚಳಿಗಾಲ. ಹೋಲಿಕೆಯ ಪಾಠದಲ್ಲಿ, 'ನಿನ್ನ ಸೂಪು ನನ್ನ ಸೂಪಿಗಿಂತ ರುಚಿಯಾಗಿದೆ.' ಮಾರ್ಲಿಸ್ ಮುಂದಿನ ವಾರ ಡಬ್ಬಿಯಲ್ಲಿ ಸೂಪು ತಂದು ಕೊಟ್ಟದ್ದನ್ನೂ ನೋಡಿದ್ದೇನೆ.

ಇದರಲ್ಲಿ ಒಂದು ತೊಡಕಿತ್ತು. ವ್ಯಾಕರಣ ಸರಿಯಿದ್ದರೆ ಸಾಕು, ಹೇಳುವುದು ನಿಜವಾಗಿರಬೇಕಿಲ್ಲ. ಹಿಂದೊಮ್ಮೆ ಲೋಥಾರ್ ಗಟ್ಟಿಯಾಗಿ, 'ನನ್ನ ಬೆಕ್ಕು ಭಾನುವಾರ ಸತ್ತುಹೋಯಿತು' ಅಂದರು. ಹಿಂದಿನ ಸಾಲಿನ ಉರ್ಸೆಲ್ ಮುಂದಿನ ವಾರ ಕಪ್ಪು ಅಂಚಿನ ಸಂತಾಪದ ಕಾರ್ಡು ತಂದರು, ಒಳಗೆ ಏಳು ಜನರ ಸಹಿ. ಲೋಥಾರ್ ಯಾವತ್ತೂ ಬೆಕ್ಕು ಸಾಕಿದವರಲ್ಲ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿದ್ದ ಉರ್ಸೆಲ್ ನೆಸ್ಟ್ಲರ್‌ಗೆ ಆ ಅವಮಾನ ಮರೆಯಲಾಗಲಿಲ್ಲ. ಆವತ್ತಿನಿಂದ ಯಾರು ಏನು ಹೇಳಿದರೂ, "ಅಭ್ಯಾಸಕ್ಕೋ, ನಿಜಕ್ಕೋ?" ಅಂತ ಕೇಳುತ್ತಾರೆ. ಕ್ರಮೇಣ ಅದು ಎಲ್ಲರ ಬಾಯಿಗೂ ಬಂತು.

ಹನ್ನೊಂದೂವರೆಗೆ ಬಾಗಿಲು ತೆರೆಯುತ್ತಿದ್ದ ಹಾಗೆ ಎಲ್ಲ ಮಾಯ. ಕೋಟು ಹಾಕಿಕೊಳ್ಳುವಾಗಲೇ ಮುಖ ಗಂಟಿಕ್ಕಿಕೊಂಡು ದೊಡ್ಡವರಾಗಿಬಿಡುತ್ತಿದ್ದರು. ಮೆಟ್ಟಿಲ ಬಳಿ ಲೋಥಾರ್ ಪ್ರತಿ ವಾರವೂ ಜರ್ಮನಿನಲ್ಲಿ ಒಂದೇ ಮಾತು ಹೇಳುತ್ತಿದ್ದರು:

"ಮೆಟ್ಟಿಲು ಜಾರುತ್ತೆ, ನೋಡ್ಕೊಂಡು ಇಳೀರಿ, ಫ್ರಾವ್ ಊಲಿಗ್."

"ನೀವೂ ಅಷ್ಟೇ, ಹೆರ್ ಓಮೆ."

ಇಬ್ಬರಿಗೂ ಒಂದೇ ಟ್ರಾಮು. ಕೆಲವು ಸಲ ನಾನೂ ಅದನ್ನೇ ಹಿಡಿಯುತ್ತಿದ್ದೆ. ಅರ್ಧ ಗಂಟೆ ಮೊದಲು ತಾಯಿಯ ಸಾವಿನ ಬಗ್ಗೆ ಮಾತಾಡಿದವರು ಈಗ ನಡುವೆ ಒಂದು ಸೀಟು ಬಿಟ್ಟು ಕೂತು, ಹಿಮ ಬೀಳಬಹುದೋ ಇಲ್ಲವೋ ಅಂತ ಚರ್ಚೆ ಮಾಡುತ್ತಿದ್ದರು. ನನಗೆ ನೋಡಿ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಹೋದ ನವೆಂಬರಿನಲ್ಲಿ ಭವಿಷ್ಯದ ಯೋಜನೆಗಳ ಪಾಠ ಬಂತು. ಹೀಟರು ಕುದಿಯುತ್ತಿತ್ತು, ಉರ್ಸೆಲ್ ಎಂದಿನಂತೆ ಪಾಠದ ಮಧ್ಯೆ ಎದ್ದು ಎಲ್ಲ ಕಿಟಕಿಗಳನ್ನೂ ತೆರೆದು 'ಗಾಳಿ ಬದಲಾಗಲಿ' ಅಂತ ನಮ್ಮನ್ನೆಲ್ಲ ನಡುಗಿಸುತ್ತಿದ್ದರು. ನಾನು ಲೋಥಾರ್ ಕಡೆ ತೋರಿಸಿದೆ.

"ಮಾರ್ಚಿನಲ್ಲಿ ನಾನು ರೋಸ್ಟಾಕಿಗೆ ಹೋಗಲಿದ್ದೇನೆ," ಅಂದರು ಲೋಥಾರ್. "ನಾನು ಮಗಳ ಮನೆಯ ಪಕ್ಕದಲ್ಲಿ ವಾಸಿಸಲಿದ್ದೇನೆ. ನಾನು ಹಿಂದಿರುಗುವುದಿಲ್ಲ."

"ಭೇಷ್," ಅಂದೆ ನಾನು. ಮೂರು ವಾಕ್ಯಗಳಲ್ಲೂ ಒಂದೂ ತಪ್ಪಿರಲಿಲ್ಲ. ರೋಸ್ಟಾಕ್ ಅಂದರೆ ದೇಶದ ಉತ್ತರ ತುದಿಯ ಸಮುದ್ರದಂಚಿನ ಊರು.

ಮಾರ್ಲಿಸ್ ಚೀಲದ ಮೇಲಿಂದ ಕಾಲು ಕೆಳಗಿಳಿಸಿದರು. "ಅಭ್ಯಾಸಕ್ಕೋ, ನಿಜಕ್ಕೋ?"

"ನಿಜಕ್ಕೆ," ಅಂದರು ಲೋಥಾರ್. "ನನ್ನ ಮನೆ ನಾಲ್ಕನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ನನ್ನ ಸೊಂಟ ಹಳೆಯದಾಗಿದೆ."

ಯಾರೋ ಕಿಟಕಿ ಮುಚ್ಚಿದರು. ಮಾರ್ಲಿಸ್ ಪುಸ್ತಕದ ಕಡೆ ನೋಡಿ, ತಮ್ಮ ಸರದಿಯ ವಾಕ್ಯ ಓದಿದರು. ಮುಂದಿನ ಬೇಸಿಗೆಯಲ್ಲಿ ತಾನು ಟೊಮೆಟೊ ಬೆಳೆಸಲಿದ್ದೇನೆ ಅನ್ನುವ ವಾಕ್ಯ.

ಆವತ್ತು ಎಲ್ಲರೂ ಹೋದ ಮೇಲೂ ಆಕೆ ಉಳಿದರು. ನಾನು ಹೇಳದಿದ್ದರೂ ಬೋರ್ಡು ಒರೆಸತೊಡಗಿದರು. ಬಾಗಿಲು ತೆರೆದಿತ್ತು, ಹಾಗಾಗಿ ಮಾತು ಜರ್ಮನಿನಲ್ಲಿ.

"ಫ್ರಾವ್ ಕಾಮತ್, ಹೆರ್ ಓಮೆಗೆ ನನ್ನ ಕಂಡ್ರೆ ಆಗಲ್ವಾ?"

"ಯಾಕ್ ಹಾಗಂತೀರಿ?"

"ಇಷ್ಟು ವರ್ಷ ಆಯ್ತು. ಒಂದು ಸಲನಾದ್ರೂ ಕೈ ಚಾಚಿ ಹೆಸರು ಹೇಳ್ಲಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡೋರು. ದೊಡ್ಡೋರು ತಾನೇ ಮೊದಲು ಹೇಳ್ಬೇಕಾದ್ದು? ನಾನಾಗಿ ಹೇಳಿದ್ರೆ ಏನಂದ್ಕೊಳ್ತಾರೆ, ಬ್ರೆಡ್ಡು ಮಾರೋಳಿಗೆ ಎಷ್ಟು ಸಲಿಗೆ ಅಂತ."

"ಅವರು ಟ್ರಾಮ್ ಓಡಿಸಿದೋರು ಕಣ್ರೀ, ರಾಜಕುಮಾರ ಏನಲ್ಲ."

"ಆದ್ರೂ ದೊಡ್ಡೋರು ದೊಡ್ಡೋರೇ," ಅಂದರು. ಒರೆಸಿದ ಬೋರ್ಡನ್ನೇ ಮತ್ತೆ ಒರೆಸಿದರು.

ಮುಂದಿನ ಮಂಗಳವಾರ ಲೋಥಾರ್ ಎಲ್ಲರಿಗಿಂತ ಮೊದಲೇ ಬಂದು ಕಾಫಿ ಯಂತ್ರದ ಬಳಿ ನಿಂತಿದ್ದರು. ಟ್ರಾಮಿನವರು, ಹೊತ್ತಿಗೆ ಮುಂಚೆ ಬರುವುದು ರಕ್ತದಲ್ಲೇ ಇದೆ. ನಾನು ಸುತ್ತಿ ಬಳಸದೆ ಕೇಳಿಯೇಬಿಟ್ಟೆ: ಊರು ಬಿಡುತ್ತಿದ್ದೀರಿ, ಫ್ರಾವ್ ಊಲಿಗ್‌ಗೆ ಒಂದು 'ನೀನು' ಕೊಟ್ಟು ಹೋಗಬಾರದೇ?

"ನಾನಾ?" ಅವರಿಗೆ ಗಾಬರಿಯಾಯಿತು. "ಹೆಂಗಸರು ತಾನೇ ಮೊದಲು ಹೇಳ್ಬೇಕು ಮೇಡಂ? ಗಂಡಸು ಮುಂದಾದ್ರೆ ಮೈಮೇಲೆ ಬಿದ್ದ ಹಾಗಾಗುತ್ತೆ. ನಮ್ಮಪ್ಪ ಹಾಗೇ ಹೇಳಿಕೊಟ್ಟಿದ್ದು. ನಾನು ಕಾಯ್ತಾನೇ ಇದೀನಿ. ಪ್ರತಿ ಮಂಗಳವಾರ ಟ್ರಾಮಿಂದ ಇಳಿಯೋವಾಗ ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ. ಅವರು 'ಶುಭದಿನ, ಹೆರ್ ಓಮೆ' ಅಂತ ಇಳಿದು ಹೋಗ್ತಾರೆ. ಬಹಳ ಬಿಗಿ ಹೆಂಗಸು."

ನನಗೆ ಕೈಯಲ್ಲಿದ್ದ ಕಾಫಿ ಅಲ್ಲೇ ಚೆಲ್ಲಿಬಿಡೋಣ ಅನ್ನಿಸಿತು. ಇಬ್ಬರೂ ಸರಿ. ಹಿರಿಯರು ಮೊದಲು ಹೇಳಬೇಕು ಅನ್ನುವುದೂ ಇಲ್ಲಿಯ ಪದ್ಧತಿಯೇ, ಹೆಂಗಸು ಮೊದಲು ಹೇಳಬೇಕು ಅನ್ನುವುದೂ ಪದ್ಧತಿಯೇ. ಆತ ಹಿರಿಯರು, ಆಕೆ ಹೆಂಗಸು. ಎರಡು ಕಟ್ಟಳೆಗಳ ನಡುವೆ ಸಿಕ್ಕಿಕೊಂಡು, ಮರ್ಯಾದೆಗೆ ಎಲ್ಲಿಯೂ ಕುಂದು ಬಾರದಂತೆ, ಎರಡು ಮುದಿಜೀವಗಳು ಹತ್ತು ವರ್ಷಕ್ಕೂ ಮೇಲೆ ಪಕ್ಕಪಕ್ಕ ಕೂತು ಒಬ್ಬರಿಗಾಗಿ ಒಬ್ಬರು ಕಾಯುತ್ತಿದ್ದರು. ಇಂಥ ಎಡವಟ್ಟು ಈ ಜನಕ್ಕಲ್ಲದೆ ಇನ್ಯಾರಿಗೂ ಸಾಧ್ಯವಿಲ್ಲ. ನನಗೆ ಅಳು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ.

ತರಗತಿ ಮುಗಿದ ಮೇಲೆ ಮಾರ್ಲಿಸ್‌ಗೆ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಕುಣಿದಾಡದಿದ್ದರೂ ಮುಖವಾದರೂ ಅರಳೀತು ಅಂದುಕೊಂಡಿದ್ದೆ. ಆಕೆ ಕುರ್ಚಿ ಎಳೆದು ಕೂತುಬಿಟ್ಟರು.

"ಈಗ ಯಾಕೆ ಹೇಳಿದ್ರಿ?"

"ಮತ್ತೆ ಯಾವಾಗ ಹೇಳ್ಲಿ?"

"ಮನೆ ಬಿಡ್ತೀನಿ ಅಂತ ಅವರು ನೋಟೀಸು ಕೊಟ್ಟಾಗಿದೆ. ಈಗ ನಾನು ಕೈ ಚಾಚಿದ್ರೆ ಹೋಗೋರ ಕಾಲಿಗೆ ಹಗ್ಗ ಕಟ್ಟಿದ ಹಾಗೆ. ಸೊಂಟ ನೋಡಿದೀರಲ್ಲ. ಮಗಳ ಹತ್ರ ನೆಲದ ಮಟ್ಟದ ಮನೆ ಇದೆ. ನನ್ನ ಹತ್ರ ಏನಿದೆ ಕೊಡೋಕೆ? ಐದನೇ ಮಹಡಿ."

"ನಿಮ್ಮ ಕಟ್ಟಡದಲ್ಲಿ ಲಿಫ್ಟಿದೆ."

"ಇದೆ," ಅಂದರು ಮೆಲ್ಲಗೆ. "ಸುಸ್ತಾಗಿದೆ ಫ್ರಾವ್ ಕಾಮತ್. ಈ ವಯಸ್ಸಲ್ಲಿ ಯಾರನ್ನಾದ್ರೂ 'ಇರು' ಅಂತ ಕೇಳ್ಕೊಳ್ಳೋದು ಅಂದ್ರೆ ಯಂತ್ರದ ಮುಂದೆ ಎಂಟು ಗಂಟೆ ನಿಂತಷ್ಟು ಕಷ್ಟ."

ಚಳಿಗಾಲ ಹಾಗೇ ಸವೆಯಿತು. ಡಿಸೆಂಬರಿನಲ್ಲಿ ಸಹಾಯಕ ಕ್ರಿಯಾಪದಗಳು, ಜನವರಿಯಲ್ಲಿ ಕರ್ಮಣಿ ಪ್ರಯೋಗ. ನಾನು ಬೇಕೆಂದೇ ಅವರಿಬ್ಬರ ಮೇಜಿನ ಬಳಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಏನಾದರೂ ಆಗುವುದಿದ್ದರೆ ಆಗಲಿ ಅಂತ. ಏನೂ ಆಗಲಿಲ್ಲ. 'ಮನೆಯನ್ನು ಖಾಲಿ ಮಾಡಲಾಗುತ್ತಿದೆ,' ಅಂದರು ಲೋಥಾರ್. 'ಪುಸ್ತಕಗಳನ್ನು ಡಬ್ಬಿಗಳಲ್ಲಿ ತುಂಬಲಾಗಿದೆ.' 'ಕಪಾಟನ್ನು ಯಾರಿಗೆ ಕೊಡಲಾಯಿತು?' ಅಂತ ಮಾರ್ಲಿಸ್ ಕೇಳಿದರು. ಕರ್ಮಣಿಯಲ್ಲಿ ಎಲ್ಲವೂ ತಾನಾಗಿ ನಡೆಯುತ್ತಿರುವ ಹಾಗೆ ಕೇಳಿಸುತ್ತಿತ್ತು.

ಫೆಬ್ರವರಿಯ ಕೊನೆಯ ಮಂಗಳವಾರ ಲೋಥಾರ್‌ಗೆ ಕೊನೆಯ ತರಗತಿ. ಬೀಳ್ಕೊಡುಗೆ ಅಂದರೆ ಇಲ್ಲಿ ತಿಂಡಿಯ ವ್ಯವಸ್ಥೆ ಹೊರಡುವವರದ್ದೇ, ಆದರೂ ಎಲ್ಲರೂ ಏನಾದರೂ ತರುತ್ತಾರೆ. ಉರ್ಸೆಲ್ ಆಲೂಗೆಡ್ಡೆ ಸಲಾಡು ತಂದಿದ್ದರು. ಲೋಥಾರ್ ಕೋಲಿನ ಜೊತೆ ಎರಡು ಬಾಟಲಿ ಗುಳ್ಳೆಯೇಳುವ ವೈನು ಹೊತ್ತು ಮೂರು ಮಹಡಿ ಹತ್ತಿ ಬಂದಿದ್ದರು. ಮಾರ್ಲಿಸ್ ಮೊಟ್ಟೆ, ಗಿಣ್ಣು ಹಾಕಿದ ಕೇಕು ಮಾಡಿದ್ದರು, ಅಂಚು ಸ್ವಲ್ಪ ಕಪ್ಪಾಗಿತ್ತು. ಬೇಕರಿಯಲ್ಲಿ ಅಷ್ಟು ವರ್ಷ ಇದ್ದವರು ಕೇಕು ಸುಟ್ಟಿದ್ದನ್ನು ಯಾರೂ ಆಡಿ ತೋರಿಸಲಿಲ್ಲ.

ಆದರೆ ಪಾಠ ಬಿಡುವ ಹಾಗಿಲ್ಲ, ಅದು ಅವರದೇ ಹಟ. ಪುಸ್ತಕದ ಸರದಿಯಲ್ಲಿ 'ರೆ' ವಾಕ್ಯಗಳು ಬಂದಿದ್ದವು: ಹೀಗಾದರೆ ಹಾಗೆ. ಒಬ್ಬೊಬ್ಬರೂ ಪಕ್ಕದವರಿಗೆ ಒಂದು ವಾಕ್ಯ ಹೇಳಬೇಕು. ಉರ್ಸೆಲ್, ತಾನು ಇಂಗ್ಲೆಂಡಿನ ರಾಣಿಯಾದರೆ ಅರಮನೆಯ ಕಿಟಕಿಗಳನ್ನೆಲ್ಲ ತೆರೆಸುತ್ತೇನೆ ಅಂದರು. ಎಲ್ಲರೂ ನಕ್ಕರು. ಮಾರ್ಲಿಸ್ ಸರದಿ ಬಂತು. ಆಕೆ ಪುಸ್ತಕ ಮುಚ್ಚಿ ಪಕ್ಕಕ್ಕೆ ತಿರುಗಿದರು.

"ನೀನು ಹೋಗದಿದ್ದರೆ," ಅಂದರು, "ನಾನು ಪ್ರತಿದಿನ ಸೂಪು ಮಾಡುತ್ತೇನೆ. ನನ್ನ ಕಟ್ಟಡದಲ್ಲಿ ಲಿಫ್ಟ್ ಇದೆ."

ಲೋಥಾರ್ ಕಾಗದದ ಲೋಟವನ್ನು ಮೇಜಿನ ಮೇಲಿಟ್ಟರು. ಕಿವಿಯವರೆಗೂ ಕೆಂಪಾಗಿ, ಉರ್ಸೆಲ್‌ಗಿಂತ ಮೊದಲು ತಾವೇ ಕೇಳಿದರು.

"ಅಭ್ಯಾಸಕ್ಕೋ, ನಿಜಕ್ಕೋ?"

ಮಾರ್ಲಿಸ್ ಆತನನ್ನು ನೋಡಿದರು, ಆಮೇಲೆ ನಮ್ಮನ್ನೆಲ್ಲ ನೋಡಿದರು. ಏಳು ಜನ ಅವರ ಬಾಯನ್ನೇ ನೋಡುತ್ತಿದ್ದೆವು. ಅದೇ ಕೆಡಿಸಿತು.

"ಅಭ್ಯಾಸಕ್ಕೆ," ಅಂದರು ಆಕೆ.

"ಚೆನ್ನಾಗಿದೆ," ಅಂದರು ಲೋಥಾರ್. ಮುಂದಿನವರ ಸರದಿ ಬಂತು. ನಾನು ಹನ್ನೊಂದೂವರೆಯವರೆಗೆ ಹೇಗೆ ಎಳೆದೆನೋ.

ಅವತ್ತು ನಾನೂ ಅವರ ಟ್ರಾಮನ್ನೇ ಹತ್ತಿದೆ. ನನಗೆ ಆ ಕಡೆ ಕೆಲಸವೇನೂ ಇರಲಿಲ್ಲ, ಸುಮ್ಮನೆ ರೈಲು ನಿಲ್ದಾಣಕ್ಕೆ ಹೋಗಲು ಮನಸ್ಸು ಬರಲಿಲ್ಲ. ರಸ್ತೆಯ ತುಂಬ ಕರಗಿದ ಹಿಮದ ಕೊಚ್ಚೆ. ಅವರು ಎಂದಿನಂತೆ ನಡುವೆ ಒಂದು ಸೀಟು ಬಿಟ್ಟು ಕೂತರು, ಅದರ ಮೇಲೆ ಖಾಲಿ ಕೇಕಿನ ತಟ್ಟೆ. ನಾನು ಹಿಂದಿನ ಸೀಟಿನಲ್ಲಿ.

"ಸಾಮಾನು ಲಾರಿ ಶುಕ್ರವಾರ ಬರುತ್ತಾ, ಹೆರ್ ಓಮೆ?"

"ಹೌದು, ಬೆಳಿಗ್ಗೆ ಎಂಟಕ್ಕೆ. ಮಳೆ ಬರದಿದ್ರೆ ಸಾಕು."

"ಬರಲ್ಲ ಅಂತ ರೇಡಿಯೋದಲ್ಲಿ ಹೇಳಿದ್ರು."

ಮಾರ್ಲಿಸ್ ಇಳಿಯುವ ನಿಲ್ದಾಣ ಹತ್ತಿರ ಬಂತು. ಆಕೆ ತಟ್ಟೆ ಎತ್ತಿಕೊಂಡು, ಕಂಬ ಹಿಡಿದು ಎದ್ದರು. ಟ್ರಾಮು ನಿಲ್ಲುವ ಮೊದಲು ಏಳುವವರನ್ನು ಕಂಡರೆ ಲೋಥಾರ್‌ಗೆ ಮೈ ಉರಿಯುತ್ತಿತ್ತು, ಓಡಿಸುತ್ತಿದ್ದ ಕಾಲದಿಂದಲೂ. ಈಗ ಅವರು ತಾವೇ ಕೋಲೂರಿ ಎದ್ದು ನಿಂತರು. ಮಾರ್ಲಿಸ್ ತಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಲಗೈ ಚಾಚಿದರು.

"ನಾನು ಮಾರ್ಲಿಸ್," ಅಂದರು. ಜರ್ಮನಿನಲ್ಲಿ.

ಲೋಥಾರ್ ಆ ಕೈಯನ್ನು ಹಿಡಿದುಕೊಂಡರು. "ಲೋಥಾರ್."

ಬಾಗಿಲು ತೆರೆಯಿತು. ಮಾರ್ಲಿಸ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. "ಹೋಗ್ಬೇಡ ಕಣೋ ಲೋಥಾರ್," ಅಂದರು, ಇಳಿದರು, ಹಿಂದೆ ನೋಡದೆ ಕೊಚ್ಚೆಯಲ್ಲಿ ನಡೆದರು. ಬಾಗಿಲು ಮುಚ್ಚಿಕೊಂಡಿತು.

ಲೋಥಾರ್ ನಿಂತೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿದರು. ಏನು ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು.

"ನಿಜಕ್ಕೆ," ಅಂದೆ.

"ನನ್ನ ಮನೆಗೆ ಆಗಲೇ ಬೇರೆಯವರು ಬರೋದು ನಿಕ್ಕಿಯಾಗಿದೆ. ಅಲ್ಲಿ ಮಗಳು ಪರದೆ ಹೊಲಿಸಿದ್ದಾಳೆ," ಅಂದರು. ನನಗಲ್ಲ, ಕಿಟಕಿಗೆ. "ಹೋದ ವರ್ಷ ಅಂದಿದ್ರೆ... ಹೋದ ಬೇಸಿಗೆ ಅಂದಿದ್ರೂ ಸಾಕಿತ್ತು."

ಮುಂದಿನ ನಿಲ್ದಾಣದಲ್ಲಿ ಅವರು ಇಳಿದರು. ಅದು ಅವರ ನಿಲ್ದಾಣವಲ್ಲ. ಕೋಲೂರಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತಿದ್ದದ್ದು ಟ್ರಾಮು ತಿರುಗುವವರೆಗೆ ಕಾಣಿಸಿತು.

ಮುಂದಿನ ಮಂಗಳವಾರ ನಾನು ಬೇಗ ಹೋದೆ. ಮಾರ್ಲಿಸ್ ತಮ್ಮ ಕುರ್ಚಿಯಲ್ಲಿದ್ದರು. ಪಕ್ಕದ ಕುರ್ಚಿ ಖಾಲಿ. ಯಾರೂ ಅದರ ಮೇಲೆ ಚೀಲ ಕೂಡ ಇಡಲಿಲ್ಲ. ಜೋಡಿಗೆ ಜನ ಸಾಲದ್ದರಿಂದ ನಾನೇ ಹೋಗಿ ಅಲ್ಲಿ ಕೂತೆ. ಏನು ಕೇಳಬೇಕೋ ತೋಚದೆ ಪುಸ್ತಕದ ಹಳೆಯ ಪ್ರಶ್ನೆಯನ್ನೇ ಕೇಳಿದೆ.

"ಕಳೆದ ವಾರ ಏನು ಮಾಡಿದೆ, ಮಾರ್ಲಿಸ್?"

ಆಕೆ ನಿಧಾನವಾಗಿ, ಒಂದೊಂದೇ ವಾಕ್ಯ ಜೋಡಿಸಿಕೊಂಡು ಹೇಳಿದರು. "ಮಂಗಳವಾರ ಒಬ್ಬ ಗಂಡಸು ನನ್ನ ಮನೆಯ ಗಂಟೆ ಒತ್ತಿದ. ಅವನ ಬೂಟು ಒದ್ದೆಯಾಗಿತ್ತು. ನಾನು ಬೂಟಿನೊಳಗೆ ಪತ್ರಿಕೆ ತುರುಕಿ ಒಣಗಲು ಇಟ್ಟೆ. ನಾವು ಕತ್ತಲಾಗುವವರೆಗೆ ಅಡಿಗೆಮನೆಯಲ್ಲಿ ಕುಳಿತೆವು. ಅವನು ನನ್ನನ್ನು ಮಾರ್ಲಿಸ್ ಎಂದು ಕರೆದ. ಬಹಳ ಸಲ ಕರೆದ. ಶುಕ್ರವಾರ ಲಾರಿ ಬಂತು. ನಾನು ಅವನ ನಾಲ್ಕನೇ ಮಹಡಿಯಿಂದ ದೀಪದ ಡಬ್ಬಿಯನ್ನು ಕೆಳಗೆ ತಂದುಕೊಟ್ಟೆ. ಅವನು ಹೋದ."

ಸುತ್ತ ಎಲ್ಲರೂ ಮಾತು ನಿಲ್ಲಿಸಿ ಕೇಳುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಹಿಂದಿನಿಂದ ಉರ್ಸೆಲ್ ಧ್ವನಿ ಬಂತು. ರೂಢಿಬಲ, ಕೇಳಬಾರದಿತ್ತು ಅಂತ ಕೇಳಿದ ಮೇಲೆ ಅವರಿಗೂ ಅನ್ನಿಸಿರಬೇಕು.

"ಅಭ್ಯಾಸಕ್ಕೋ, ನಿಜಕ್ಕೋ?"

"ನಿಜಕ್ಕೆ," ಅಂದರು ಮಾರ್ಲಿಸ್.

ಆತ ಉಳಿಯಬೇಕಿತ್ತು. ಪರದೆ ಹೊಲಿಸಿದ್ದರೆ ಬಿಚ್ಚಿಸಬಹುದಿತ್ತು, ಲಾರಿಯನ್ನು ವಾಪಸು ಕಳಿಸಬಹುದಿತ್ತು. ಬೇಡ ಅಂದರೂ ಅದೇ ಯೋಚನೆ ಬರುತ್ತಿತ್ತು. ಮುಂದಿನ ಅಧ್ಯಾಯ ತೆರೆಯಿರಿ ಅಂದೆ, ತೆರೆದರು.

ಹನ್ನೊಂದೂವರೆಗೆ ಬಾಗಿಲು ತೆರೆಯಿತು. ಹಜಾರದಲ್ಲಿ ಎಲ್ಲರೂ ಕೋಟು ತೋಳಿಗೇರಿಸುತ್ತ, ಮುಖ ಬಿಗಿದುಕೊಳ್ಳುತ್ತ ಇದ್ದರು. ಮಾರ್ಲಿಸ್ ಕೋಟಿನ ಗುಂಡಿ ಹಾಕಿ ಮುಗಿಸಿ, ನೇರವಾಗಿ ಉರ್ಸೆಲ್ ಎದುರು ಹೋಗಿ ನಿಂತು ಕೈ ಚಾಚಿದರು.

"ನಾನು ಮಾರ್ಲಿಸ್."

"ಫ್ರಾವ್ ಊಲಿಗ್, ಆದ್ರೆ ನಾನು ನಿಮಗಿಂತ ದೊಡ್ಡೋಳು, ನಾನು ತಾನೇ..."

"ಗೊತ್ತು. ಕಾಯೋಕೆ ನನ್ನ ಕೈಲಿ ಆಗಲ್ಲ."

ಉರ್ಸೆಲ್ ಕೈ ಕೊಟ್ಟರು, ಹೆಸರು ಹೇಳಿದರು. ಮಾರ್ಲಿಸ್ ಮುಂದಿನವರ ಹತ್ತಿರ ಹೋದರು. ಆಮೇಲೆ ಅವರ ಪಕ್ಕದವರ ಹತ್ತಿರ. ಒಬ್ಬೊಬ್ಬರೆದುರೂ ನಿಂತು ಅದೇ ಮಾತು, ನಗುವಿಲ್ಲದೆ, ಬೇಕರಿಯಲ್ಲಿ ಸಾಲಿನವರಿಗೆ ಬ್ರೆಡ್ಡು ಕೊಟ್ಟಂತೆ. ಕೆಲವರು ಕೈಗವಸು ಕಳಚಲು ಪರದಾಡಿದರು. ಕೊನೆಗೆ ನನ್ನೆದುರು ಬಂದರು. ಕೈ ತಣ್ಣಗಿತ್ತು. ನಾನು ನನ್ನ ಪೂರ್ತಿ ಹೆಸರು ಹೇಳಿದೆ, ಆಕೆ ಅದನ್ನು ಒಮ್ಮೆ ಹೇಳಲು ನೋಡಿ, ಆಗದೆ ತಲೆಯಾಡಿಸಿದರು.

ಮೆಟ್ಟಿಲ ಬಳಿ ನಾನು ಮುಂದಾದೆ. ರೈಲಿಗೆ ಹೊತ್ತಾಗಿತ್ತು.

"ಮೆಟ್ಟಿಲು ಜಾರುತ್ತೆ, ಜೋ," ಅಂದರು ಹಿಂದಿನಿಂದ ಮಾರ್ಲಿಸ್. "ನೋಡ್ಕೊಂಡು ಇಳಿ."